ಪಕ್ಕದ ಮನೆ ಒಲೆ ಮೇಲೆ ಏನಿದೆ? ಬಳ್ಳಾರಿ, ರಾಯಚೂರು, ಕೊಪ್ಪಳದ ಊಟದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಗಂಗಾವತಿಯವಳು. ಮಕ್ಕಳಿಗೆ ಪಾಠ ಹೇಳುವುದು ನನ್ನ ಕೆಲಸ. ಒಂದು ದಿನ ಎಂಟನೇ ತರಗತಿಯಲ್ಲಿ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು, "ನಿಮ್ಮ ಮನೇದು ಬೇಡ. ನಿಮ್ಮ ಪಕ್ಕ ಕೂತವರ ಮನೇಲಿ ಹಬ್ಬಕ್ಕೆ ಏನು ಮಾಡ್ತಾರೆ, ಅದನ್ನ ಬರೀರಿ" ಅಂದೆ. ಮುಸ್ಲಿಂ ಹುಡುಗರ ಪಕ್ಕ ಕೂತವರೆಲ್ಲ ಬರೆದದ್ದು ಒಂದೇ ಪದ, ಬಿರಿಯಾನಿ. ಲಂಬಾಣಿ ತಾಂಡಾದಿಂದ ಬರುವ ಹುಡುಗಿಯ ಪಕ್ಕ ಮೂರು ವರ್ಷದಿಂದ ಕೂರುವವಳು ಖಾಲಿ ಚೀಟಿ ಕೊಟ್ಟಳು. ಬೈಯಬೇಕು ಅನಿಸಲಿಲ್ಲ. ನನ್ನ ಕೈಗೆ ಅದೇ ಚೀಟಿ ಕೊಟ್ಟಿದ್ದರೆ ನಾನೂ ಖಾಲಿಯೇ ಕೊಡುತ್ತಿದ್ದೆ.

ಅವತ್ತಿನಿಂದ ಸಿಕ್ಕವರನ್ನೆಲ್ಲ ಕೇಳುವ ಚಟ ಹತ್ತಿತು. ಈಗ ಜನ ನನ್ನನ್ನೇ ಕೇಳುತ್ತಾರೆ. ಜಾಸ್ತಿ ಬರುವ ಪ್ರಶ್ನೆಗಳನ್ನು ಇಲ್ಲಿ ಬರೆದಿದ್ದೇನೆ.

ನಮ್ಮ ಕಡೆ ಊಟ ಅಂದ್ರೆ ಜೋಳದ ರೊಟ್ಟಿ, ಎಣಗಾಯಿ. ಅದರಲ್ಲಿ ತಿಳಿಯೋದೇನಿದೆ?

ರೊಟ್ಟಿ ಎಲ್ಲರದೂ ಹೌದು. ಎರೆ ಹೊಲದಲ್ಲಿ ಹಿಂಗಾರಿ ಬಿಳಿಜೋಳ ಬೆಳೆಯುವ ನಾಡು ಇದು. ಲಿಂಗಾಯತರು, ಕುರುಬರು, ನಾಯಕರು, ಮುಸ್ಲಿಮರು, ದಲಿತರು, ಯಾರ ಮನೆಗೆ ಹೋದರೂ ಬುಟ್ಟಿಯಲ್ಲಿ ರೊಟ್ಟಿ ಇರುತ್ತದೆ. ಅದರ ಜೊತೆ ತಟ್ಟೆಗೆ ಏನು ಬೀಳುತ್ತದೆ ಅನ್ನುವುದು ಮಾತ್ರ ಮನೆಯಿಂದ ಮನೆಗೆ ಬೇರೆ.

ಇನ್ನೊಂದು ವಿಷಯ. ಈ ಮೂರು ಜಿಲ್ಲೆ ಮೊದಲು ಒಂದೇ ಆಡಳಿತದಲ್ಲಿ ಇರಲಿಲ್ಲ. ರಾಯಚೂರು, ಕೊಪ್ಪಳ 1948ರವರೆಗೆ ಹೈದರಾಬಾದ್ ನಿಜಾಮರ ಕೈಯಲ್ಲಿದ್ದವು. ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು, 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಆಗ ಬಳ್ಳಾರಿ ಜಿಲ್ಲೆಯದ್ದೇ ಆದ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಗೆರೆ ಎಳೆದದ್ದು ನಕ್ಷೆ ಮೇಲೆ. ಒಲೆಗಳು ಇದ್ದಲ್ಲೇ ಉಳಿದವು. ಹಾಗಾಗಿ ರಾಯಚೂರಿನ ಮದುವೆ ಊಟದಲ್ಲಿ ಹೈದರಾಬಾದ್ ಕಾಣುತ್ತದೆ, ಬಳ್ಳಾರಿಯ ಬೆಳಗಿನ ತಿಂಡಿಯಲ್ಲಿ ಕರ್ನೂಲು, ಅನಂತಪುರ ಕಾಣುತ್ತವೆ.

ತುಂಗಭದ್ರಾ ಅಣೆಕಟ್ಟೆ 1953ರಲ್ಲಿ ಮುಗಿದ ಮೇಲೆ ಕಾಲುವೆ ಹಿಂದೆ ಭತ್ತ ಬಂತು. ಭತ್ತದ ಹಿಂದೆ ಬೇರೆ ಕಡೆಯ ಜನ ಬಂದರು. ಅದನ್ನ ಮುಂದೆ ಹೇಳುತ್ತೇನೆ.

ಒಗ್ಗರಣೆ, ವಗ್ಗಾಣಿ, ಸುಸಲಾ. ಇವು ಬೇರೆ ಬೇರೆ ತಿಂಡಿನಾ?

ತಿಂಡಿ ಒಂದೇ, ಹೆಸರು ನಾಲ್ಕಾರು. ಮೊದಲು ಅದರ ಮೂಲ ಸಾಮಾನು ನೋಡಿ. ನಾವು ಮಂಡಾಳು ಅಂತೀವಿ. ದಾವಣಗೆರೆಯವರು ಮಂಡಕ್ಕಿ, ಹುಬ್ಬಳ್ಳಿಯವರು ಚುರುಮುರಿ. ಮನೆಯಲ್ಲಿ ಉರ್ದು ಮಾತಾಡುವವರು ಮುರ್ಮುರಾ. ರಾಯಲಸೀಮೆ ತೆಲುಗಿನವರು ಬೊರುಗುಲು. ಸಿಂಧನೂರಿನ ಬಂಗಾಳಿಗಳು ಮುಡಿ. ಎಲ್ಲರೂ ಅದೇ ಚೀಲದಿಂದ ಕೊಳ್ಳುತ್ತಾರೆ.

ನಮ್ಮ ಓಣಿಯ ತುದಿಯಲ್ಲಿ ಬೆಳಿಗ್ಗೆ ಆರಕ್ಕೇ ಒಂದು ಬಂಡಿ ನಿಲ್ಲುತ್ತದೆ. ಅಲ್ಲಿ ನಿಂತು ನೋಡಿದರೆ ಇಡೀ ವಿದ್ಯೆ ಕಣ್ಣಿಗೆ ಬೀಳುತ್ತದೆ. ಬಂಡಿಯ ಅಕ್ಕ ಮಂಡಾಳನ್ನು ಬಕೆಟ್ ನೀರಿಗೆ ಸುರಿಯುತ್ತಾರೆ. ಕೈಯಾಡಿಸಿ, ಮುಳುಗುವ ಮೊದಲೇ ಎತ್ತುತ್ತಾರೆ. ಎರಡೂ ಅಂಗೈ ನಡುವೆ ಹಿಂಡಿ ಬುಟ್ಟಿಗೆ ಹಾಕುತ್ತಾರೆ. ಜಾಸ್ತಿ ನೆನೆದರೆ ಗಂಜಿ, ಕಡಿಮೆ ನೆನೆದರೆ ಒಣಹುಲ್ಲು. ಬಾಣಲೆಯಲ್ಲಿ ಎಣ್ಣೆ, ಸಾಸಿವೆ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕರಿಬೇವು, ಅರಿಶಿಣ. ಹಿಂಡಿದ ಮಂಡಾಳು ಸುರಿದು ಎರಡು ಸಲ ಮೇಲೆ ಕೆಳಗೆ ಮಾಡಿದರೆ ಆಯ್ತು. ಕೊನೆಗೆ ಪುಟಾಣಿ, ಅಂದರೆ ಹುರಿಗಡಲೆ, ಹಿಟ್ಟು ಉದುರಿಸುತ್ತಾರೆ. ಆ ಹಿಟ್ಟು ಉಳಿದ ನೀರನ್ನು ಹೀರಿಕೊಂಡು ತಿಂಡಿಯನ್ನು ಉದುರು ಉದುರಾಗಿ ಇಡುತ್ತದೆ. ಹುಳಿಗೆ ಕೆಲವರು ಲಿಂಬೆ ಹಿಂಡುತ್ತಾರೆ, ಕೆಲವರು ಹುಣಸೆ ರಸ ಹಾಕುತ್ತಾರೆ. ಪಕ್ಕದಲ್ಲಿ ಮಿರ್ಚಿ, ಅಂದರೆ ಮೆಣಸಿನಕಾಯಿ ಬಜ್ಜಿ, ಇರಲೇಬೇಕು. ಮಿರ್ಚಿ ಇಲ್ಲದ ಒಗ್ಗರಣೆ ನಮ್ಮಲ್ಲಿ ಜ್ವರ ಬಂದವರ ಊಟ.

ಇದನ್ನೇ ಬಳ್ಳಾರಿ, ಸಿರುಗುಪ್ಪ ಕಡೆ ವಗ್ಗಾಣಿ ಅನ್ನುತ್ತಾರೆ. ಗಡಿಯಾಚೆ ತೆಲುಗಿನಲ್ಲಿ ಉಗ್ಗಾನಿ. ರಾಯಚೂರು ಕಡೆ ಸುಸಲಾ. "ಇದು ನಮ್ಮದು, ನೀವು ನಮ್ಮಿಂದ ಕಲಿತಿರಿ" ಅಂತ ಜಗಳ ಆಡುವವರನ್ನು ನೋಡಿದ್ದೇನೆ. ಇಬ್ಬರ ಕೈಯಲ್ಲೂ ಪ್ಲೇಟು ಇತ್ತು, ಇಬ್ಬರೂ ತಿನ್ನುತ್ತಲೇ ಜಗಳ ಆಡುತ್ತಿದ್ದರು.

ಮಿರ್ಚಿ ವಿಜಯನಗರ ಕಾಲದಿಂದ ಬಂದದ್ದು ಅಂತಾರಲ್ಲ?

ಹಂಪಿ ನೋಡಲು ಬಂದವರಿಗೆ ಯಾರೋ ಹಾಗೆ ಹೇಳಿರುತ್ತಾರೆ. ವಿಜಯನಗರ ಶುರುವಾದದ್ದು 1336ರಲ್ಲಿ. ಮೆಣಸಿನಕಾಯಿ ಅಮೆರಿಕ ಖಂಡದ ಗಿಡ. ಪೋರ್ಚುಗೀಸರು ಸಮುದ್ರ ದಾಟಿ ಬಂದ ಮೇಲೆಯೇ ಅದು ಈ ದೇಶಕ್ಕೆ ಬಂತು. ಅವರು ಗೋವಾ ಹಿಡಿದದ್ದು 1510ರಲ್ಲಿ. ಅಂದ ಮೇಲೆ ಹಕ್ಕಬುಕ್ಕರು ಮಿರ್ಚಿ ತಿಂದಿರಲು ಸಾಧ್ಯವಿಲ್ಲ, ಪಾಪ. ಖಾರಕ್ಕೆ ಅವರ ಕಾಲದಲ್ಲಿ ಕಾಳುಮೆಣಸು.

ಶೇಂಗಾ ಕೂಡ ಅಮೆರಿಕದ್ದೇ. ಟೊಮೆಟೊ ಕೂಡ. ಶೇಂಗಾ ಹಿಂಡಿ (ಚಟ್ನಿಪುಡಿ), ಶೇಂಗಾ ಹೋಳಿಗೆ ಇಲ್ಲದ ನಮ್ಮ ಮನೆ ನೆನೆಸಿಕೊಳ್ಳಿ! ಹಾಗಾಗಿ ಸಾಂಪ್ರದಾಯಿಕ ಅನ್ನುವ ಪದವನ್ನು ನಾನು ಸಡಿಲವಾಗಿ ಬಳಸುತ್ತೇನೆ. ಅಜ್ಜಿ ಅವರ ಅಜ್ಜಿಯಿಂದ ಕಲಿತಿದ್ದರೆ ಸಾಕು.

ರೊಟ್ಟಿ ಬಡಿಯೋದು ಯಾಕೆ? ಚಪಾತಿ ಥರ ಲಟ್ಟಿಸಿದರೆ ಆಗಲ್ವಾ?

ಗೋಧಿಯಲ್ಲಿರುವ ಜಿಗುಟು ಜೋಳದಲ್ಲಿ ಇಲ್ಲ. ತಣ್ಣೀರಲ್ಲಿ ಕಲಸಿ ಲಟ್ಟಿಸಲು ಹೋದರೆ ಅಂಚು ಒಡೆಯುತ್ತದೆ. ಅದಕ್ಕೇ ಎಸರು ಕುದಿಸಿ ಹಿಟ್ಟಿಗೆ ಹಾಕುವುದು. ಬಿಸಿ ನೀರು ಬಿದ್ದಾಗ ಹಿಟ್ಟು ಅರ್ಧ ಬೆಂದು ಅಂಟು ಬರುತ್ತದೆ. ಆಮೇಲೆ ಅಂಗೈಯಿಂದ ಬಡಿದು ತಿರುಗಿಸುತ್ತಾ ಹಿಗ್ಗಿಸಬೇಕು. ಹಂಚಿಗೆ ಹಾಕಿದ ಮೇಲೆ ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರುತ್ತಾರೆ. ನೀರು ಆರಿ ಮೇಲೆ ಬಿಳಿ ಬಣ್ಣ ಹೋದಾಗ ತಿರುವಿ ಹಾಕಬೇಕು. ಇದನ್ನು ಹೇಳುವುದು ಸುಲಭ. ನನ್ನ ರೊಟ್ಟಿ ಇವತ್ತಿಗೂ ಕರ್ನಾಟಕದ ನಕ್ಷೆ ಥರವೇ ಬರುತ್ತದೆ, ಅದೂ ಬೀದರ್ ಕಡೆ ಹರಿದದ್ದು.

ಸಜ್ಜೆ ರೊಟ್ಟಿ ವರ್ಷವಿಡೀ ಮಾಡ್ತಾರಾ?

ಮಾಡಬಹುದು, ಆದರೆ ಅದರ ಕಾಲ ಚಳಿಗಾಲ. ಸಂಕ್ರಾಂತಿಗೆ ಮೇಲೆ ಎಳ್ಳು ಹಚ್ಚಿ, ತೆಳ್ಳಗೆ ಬಡಿದು, ಕಟಕ್ ಅನ್ನುವ ಹಾಗೆ ಒಣಗಿಸುತ್ತಾರೆ. ಬುತ್ತಿ ಕಟ್ಟಿಕೊಂಡು ಹೊಳೆಗೆ ಹೋಗಿ ಅಲ್ಲೇ ಕೂತು ಉಣ್ಣುವುದು.

ಪುಂಡಿಪಲ್ಯ ಮತ್ತು ಗೋಂಗೂರ ಬೇರೆನಾ?

ಸೊಪ್ಪು ಒಂದೇ ಜಾತಿಯದು. ನಾವು ಪುಂಡಿ ಅಂತೀವಿ, ತೆಲುಗಿನವರು ಗೋಂಗೂರ, ಉರ್ದು ಮತ್ತು ಮರಾಠಿ ಮನೆಯವರು ಅಂಬಾಡಿ. ಮಾಡುವ ರೀತಿಯಲ್ಲಿ ಮನೆ ಯಾರದು ಅಂತ ಗೊತ್ತಾಗುತ್ತದೆ. ರೊಟ್ಟಿ ಮನೆಯಲ್ಲಿ ಸೊಪ್ಪನ್ನು ಬೇಳೆ, ಜೋಳದ ನುಚ್ಚಿನ ಜೊತೆ ಬೇಯಿಸಿ ಕಡೆದು, ಮೇಲೆ ಬೆಳ್ಳುಳ್ಳಿ ಒಗ್ಗರಣೆ. ಕ್ಯಾಂಪಿನ, ಅಂದರೆ ಕಾಲುವೆ ಬಂದ ಮೇಲೆ ನೆಲೆಸಿದ ರೈತರ ಊರಿನ, ತೆಲುಗು ಮನೆಯಲ್ಲಿ ಸೊಪ್ಪು ಹುರಿದು ಒಣಮೆಣಸಿನಕಾಯಿ ಜೊತೆ ರುಬ್ಬಿ ಪಚ್ಚಡಿ. ಅದನ್ನ ಬಿಸಿ ಅನ್ನ, ತುಪ್ಪದ ಜೊತೆ ತಿನ್ನುತ್ತಾರೆ. ಮುಸ್ಲಿಮರ ಮನೆಯಲ್ಲಿ ಅದೇ ಸೊಪ್ಪು ಮಟನ್ ಜೊತೆ ಬೇಯುತ್ತದೆ. ಹುಳಿ ಮಾಂಸದ ಜಿಡ್ಡನ್ನು ಕಡಿಯುತ್ತದೆ. ಮೂರರಲ್ಲಿ ಯಾವುದು ಚೆಂದ ಅಂತ ನನ್ನ ಕೇಳಬೇಡಿ, ಮೂರು ಕಡೆಯೂ ನನಗೆ ನೆಂಟಸ್ತಿಕೆ ಬೇಕು.

ಮಾದಲಿ, ಮಲೀದಾ ಎರಡೂ ಒಂದೇನಾ?

ಹತ್ತಿರದ ನೆಂಟರು. ಮಾದಲಿಗೆ ಗೋಧಿಯ ಜೊತೆ ಸ್ವಲ್ಪ ಕಡಲೆಬೇಳೆ, ಅಕ್ಕಿ ಸೇರಿಸಿ ತರಿಯಾಗಿ ಬೀಸಿಸುತ್ತಾರೆ. ಆ ಹಿಟ್ಟಿನ ದಪ್ಪ ಚಪಾತಿ ಸುಟ್ಟು, ಆರಿದ ಮೇಲೆ ಪುಡಿ ಮಾಡಿ, ಬೆಲ್ಲ, ಪುಟಾಣಿ, ಒಣಕೊಬ್ಬರಿ, ಗಸಗಸೆ, ಏಲಕ್ಕಿ ಸೇರಿಸುತ್ತಾರೆ. ಹಾಲು, ತುಪ್ಪ ಹಾಕಿಕೊಂಡು ತಿನ್ನುವುದು. ಲಿಂಗಾಯತರ ಮದುವೆ, ಮಠದ ಜಾತ್ರೆಗಳಲ್ಲಿ ಇದು ಇದ್ದೇ ಇರುತ್ತದೆ. ದರ್ಗಾಕ್ಕೆ ಒಯ್ಯುವ ಮಲೀದಾ ಕೂಡ ರೊಟ್ಟಿ ಪುಡಿ ಮಾಡಿ ಬೆಲ್ಲ, ತುಪ್ಪ ಸೇರಿಸಿದ್ದೇ. ಹಳ್ಳಿಯಲ್ಲಿ ಅದಕ್ಕೆ ಮಾಲಿದಿ ಅನ್ನುವವರೂ ಇದ್ದಾರೆ.

ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಒಮ್ಮೆ ಬನ್ನಿ. ಸುತ್ತಲಿನ ಹಳ್ಳಿಗಳಿಂದ ಟ್ರ್ಯಾಕ್ಟರ್‌ಗಳಲ್ಲಿ ರೊಟ್ಟಿ ಬರುತ್ತದೆ. ಲಕ್ಷಗಟ್ಟಲೆ. ಗುಡ್ಡದಂತೆ ಒಟ್ಟಿದ ಮಾದಲಿ, ಮತ್ತೊಂದು ಕಡೆ ಸಾಲು ಬಾಣಲೆಗಳಲ್ಲಿ ಕರಿಯುವ ಮಿರ್ಚಿ. ಆ ರೊಟ್ಟಿಗಳಲ್ಲಿ ಯಾವುದು ಯಾರ ಮನೆಯದು ಅಂತ ಹೇಳಿ ನೋಡೋಣ.

ಮೊಹರಂ ಬಂದರೆ ಮುಸ್ಲಿಮರಲ್ಲದವರ ಮನೆಯಲ್ಲೂ ಚೋಂಗೆ ಮಾಡ್ತಾರೆ. ಯಾಕೆ?

ಹೊರಗಿನವರಿಗೆ ಇದು ಅಚ್ಚರಿ, ನಮಗೆ ಮಾಮೂಲು. ನಮ್ಮ ಕಡೆ ಮೊಹರಂ ಅಂದರೆ ಅಲಾಯಿ ದೇವರ ಹಬ್ಬ. ಒಂದು ಮುಸ್ಲಿಂ ಮನೆಯೂ ಇಲ್ಲದ ಊರುಗಳಲ್ಲಿ ಸಹ ಅಲಾಯಿ ಕುಣಿ ತೋಡಿ, ದೇವರು ಕೂರಿಸಿ, ಹೆಜ್ಜೆ ಹಾಕುತ್ತಾರೆ. ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನ ಮುದಗಲ್ ಮೊಹರಂಗೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಹರಕೆ ಹೊತ್ತವರು ಫಕೀರರಾಗುತ್ತಾರೆ, ಸಕ್ಕರೆ ಓದಿಸುತ್ತಾರೆ, ಬೆಲ್ಲದ ಪಾನಕ ಹಂಚುತ್ತಾರೆ.

ಚೋಂಗೆ ಅಂದರೆ ಗೋಧಿ ಹಿಟ್ಟಿನ ಸಿಹಿ ರೊಟ್ಟಿ. ಮೇಲೆ ಗೀರು ಎಳೆದು ಅಥವಾ ಅಚ್ಚು ಒತ್ತಿ, ಬೆಲ್ಲ, ಕೊಬ್ಬರಿ, ಗಸಗಸೆ ಹಾಕುತ್ತಾರೆ. ನಮ್ಮ ಓಣಿಯಲ್ಲಿ ಒಬ್ಬ ಅಜ್ಜಿ ಇದ್ದರು, ಹಣೆ ತುಂಬ ವಿಭೂತಿ. ಅಚ್ಚು ಇಲ್ಲ ಅಂತ ಹೊಸ ಬಾಚಣಿಗೆ ಒಂದನ್ನು ಬೇರೆಯೇ ಇಟ್ಟಿದ್ದರು, ಚೋಂಗೆಗೆ ಗೀರು ಹಾಕಲು ಮಾತ್ರ. "ದೇವ್ರಿಗೆ ಮಾಡೂ ಅಡಿಗಿ ಯವ್ವಾ, ಚೆಂದ ಕಾಣ್ಬೇಕು" ಅನ್ನುತ್ತಿದ್ದರು. ಯಾವ ದೇವರು ಅಂತ ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಮುಸ್ಲಿಮರ ಮನೆ ಊಟ ಅಂದ್ರೆ ಬಿರಿಯಾನಿ ಅಷ್ಟೇ ಅಲ್ವಾ?

ನನ್ನ ತರಗತಿಯ ಚೀಟಿಗಳು ನೆನಪಾದವು. ಬಿರಿಯಾನಿ ದೊಡ್ಡ ದಿನದ ಅಡಿಗೆ, ಜೊತೆಗೆ ಹೋಟೆಲ್ ಬೋರ್ಡಿನ ಅಡಿಗೆ. ಬೋರ್ಡು ಓದಿದವರಿಗೆ ಅಷ್ಟೇ ಗೊತ್ತಿರುತ್ತದೆ. ಮಾಮೂಲಿ ದಿನ ಅವರ ಮನೆಯಲ್ಲೂ ರೊಟ್ಟಿ, ಬೇಳೆ, ಸೊಪ್ಪು, ಹಿಂಡಿಯೇ. ಮದುವೆಗೆ ಬಗಾರ ಅನ್ನ, ಜೊತೆಗೆ ದಾಲ್ಚಾ. ಬಗಾರ ಅಂದರೆ ಚಕ್ಕೆ, ಲವಂಗ, ಉಳ್ಳಾಗಡ್ಡಿ ಒಗ್ಗರಣೆಯಲ್ಲಿ ಬೇಯಿಸಿದ ಅನ್ನ. ದಾಲ್ಚಾ ಅಂದರೆ ಬೇಳೆಗೆ ಮಾಂಸ ಅಥವಾ ಸೋರೆಕಾಯಿ ಹಾಕಿ, ಹುಣಸೆಹುಳಿ ಬಿಟ್ಟು ಕುದಿಸಿದ ಸಾರು. ಹೈದರಾಬಾದ್ ಕಡೆಯ ಈ ಜೋಡಿ ರಾಯಚೂರಿನಲ್ಲಿ ಎಷ್ಟು ಬೇರು ಬಿಟ್ಟಿದೆ ಅಂದರೆ, ಬೇರೆ ಜಾತಿಯವರೂ ತಮ್ಮ ಮನೆ ಕಾರ್ಯಕ್ಕೆ ಬಗಾರ ಮಾಡಿಸುತ್ತಾರೆ. ಈದ್‌ಗೆ ಶೀರ್ ಖುರ್ಮಾ. ಹಾಲು, ಶ್ಯಾವಿಗೆ, ಖರ್ಜೂರ, ಒಣಹಣ್ಣು. ಅದನ್ನ ಡಬ್ಬಿಯಲ್ಲಿ ಪಕ್ಕದ ಮನೆಗೆ ಕಳಿಸುವುದು ಹಳೇ ರೂಢಿ. ಡಬ್ಬಿಯನ್ನು ಖಾಲಿ ವಾಪಸ್ ಕೊಡಬಾರದು. ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡಬೇಕು.

ತಾಂಡಾದಲ್ಲಿ ಏನು ಊಟ ಮಾಡ್ತಾರೆ? ಎಲ್ಲೂ ಬರೆದದ್ದೇ ಕಾಣಲ್ಲ.

ಲಂಬಾಣಿ ಭಾಷೆಗೆ ತನ್ನದೇ ಲಿಪಿ ಇಲ್ಲ. ಅಡಿಗೆ ಬಾಯಿಂದ ಬಾಯಿಗೆ ಬಂದಿದೆ. ಉಡುಪು, ಕಸೂತಿ ಎಲ್ಲರಿಗೂ ಗೊತ್ತು. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತು ಕೂಡ ಸಿಕ್ಕಿದೆ. ತಟ್ಟೆಯಲ್ಲಿ ಏನಿದೆ ಅಂತ ಮಾತ್ರ ಯಾರೂ ಕೇಳಲಿಲ್ಲ.

ರೊಟ್ಟಿಗೆ ಅವರು ಬಾಟಿ ಅನ್ನುತ್ತಾರೆ. ಹೆಸರು ಕೇಳಿ ರಾಜಸ್ಥಾನದ ಉಂಡೆ ಅಂದುಕೊಳ್ಳಬೇಡಿ. ಇದು ಜೋಳದ ರೊಟ್ಟಿಯೇ. ಹಿಂದೆ ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ದೇಶ ಸುತ್ತಿದ ಜನ. ದಾರಿಯಲ್ಲಿ ಸಿಕ್ಕ ಧಾನ್ಯ ಅವರದಾಯಿತು, ಪದ ಮಾತ್ರ ಹಳೆಯದು ಉಳಿಯಿತು. ಸಿಹಿಗೆ ಬೆಲ್ಲ ಹಾಕಿದ ಲಾಪ್ಸಿ. ಆಡು, ಕುರಿ ಕೊಯ್ದಾಗ ಸಳೋಯಿ. ರಕ್ತ ಮತ್ತು ಒಳಭಾಗಗಳನ್ನು ಮಸಾಲೆಯಲ್ಲಿ ಬೇಯಿಸುತ್ತಾರೆ, ಪ್ರಾಣಿಯ ಯಾವ ಭಾಗವನ್ನೂ ಚೆಲ್ಲುವುದಿಲ್ಲ.

ಖಾಲಿ ಚೀಟಿಯ ಪಕ್ಕ ಕೂತಿದ್ದ ಹುಡುಗಿಯನ್ನು ಆಮೇಲೆ ಒಮ್ಮೆ ಕೇಳಿದೆ, "ನೀನ್ಯಾಕೆ ಗೆಳತಿಗೆ ಹೇಳಿಲ್ಲ?" ಅವಳು ನೆಲ ನೋಡುತ್ತಾ, "ನಗ್ತಾರೆ ಟೀಚರ್, ಅದಕ್ಕೆ ನಾನು ಅನ್ನ ಸಾರು ಅಂತೀನಿ" ಅಂದಳು. ಎಷ್ಟು ಮಕ್ಕಳು ಹೀಗೆ ಅನ್ನ ಸಾರು ಅಂದಿದ್ದಾರೋ! ತಿಳಿಯದೇ ಇರುವುದಕ್ಕೆ ಕೇಳದವರು ಒಂದು ಕಾರಣ, ಹೇಳಲು ಬಿಡದ ನಗು ಇನ್ನೊಂದು.

ಕ್ಯಾಂಪ್ ಊಟ ಅಂದ್ರೇನು?

ಗಂಗಾವತಿ, ಸಿಂಧನೂರು, ಮಾನ್ವಿ, ಸಿರುಗುಪ್ಪ ಸುತ್ತ ಊರ ಹೆಸರಿಗೆ ಕ್ಯಾಂಪ್ ಅಂತ ಸೇರಿದ್ದು ಬೇಕಾದಷ್ಟು ಸಿಗುತ್ತವೆ. ಅಣೆಕಟ್ಟೆಯ ನೀರು ಬಂದಾಗ ಭತ್ತ ಬೆಳೆಯಲು ಗೊತ್ತಿದ್ದ ಆಂಧ್ರದ ಕರಾವಳಿ ರೈತರು ಬಂದು ಜಮೀನು ಕೊಂಡು ನೆಲೆಸಿದರು. ಅವರ ಜೊತೆ ಆವಕಾಯಿ, ಪುಳಿಹೊರ, ಪೆಸರಟ್ಟು, ಗಾರೆ ಅನ್ನುವ ವಡೆ ಬಂದವು. ಎಲ್ಲಕ್ಕಿಂತ ಮುಖ್ಯವಾಗಿ ದಿನಕ್ಕೆ ಮೂರು ಹೊತ್ತೂ ಅನ್ನ ಬಂತು. ನಮ್ಮ ಅಜ್ಜಿ ಕಾಲದಲ್ಲಿ ಅನ್ನ ಹಬ್ಬಕ್ಕೆ, ಇಲ್ಲವೇ ನೆಂಟರಿಗೆ. ಈಗ ಗಂಗಾವತಿ ಅಂದರೇ ಸೋನಾ ಮಸೂರಿ, ರೈಸ್ ಮಿಲ್ಲು. ರೊಟ್ಟಿ ಬಡಿಯಲು ಬಾರದ ಹುಡುಗಿಯರಿಗೆ ತಾಯಂದಿರು "ಕ್ಯಾಂಪಿಗೆ ಕೊಡ್ತೀನಿ ನಿನ್ನ" ಅಂತ ಹೆದರಿಸುವುದನ್ನು ಕೇಳಿದ್ದೇನೆ. ಹುಡುಗಿಯರು ಹೆದರುವ ಹಾಗೆ ಕಾಣಲಿಲ್ಲ.

ಸಿಂಧನೂರಿನಲ್ಲಿ ಬಂಗಾಳಿಗಳು ಇದ್ದಾರೆ ಅಂದರೆ ನಂಬೋದಾ?

ನಂಬಿ. ಆಗಿನ ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದವರಿಗೆ ಸರ್ಕಾರ ಸಿಂಧನೂರು ಬಳಿ ಪುನರ್ವಸತಿ ಮಾಡಿಕೊಟ್ಟಿತು. ಆರ್.ಎಚ್. ಕ್ಯಾಂಪ್ ಅಂತ ನಂಬರ್ ಹಾಕಿ ಕರೆಯುತ್ತಾರೆ. ಅಲ್ಲಿ ಹುಟ್ಟಿದವರು ಕನ್ನಡ ಮಾತಾಡುತ್ತಾರೆ, ಹೊಲ ಗದ್ದೆಗೆ ಹೋಗುತ್ತಾರೆ, ದುರ್ಗಾಪೂಜೆ ಮಾಡುತ್ತಾರೆ.

ಸ್ನೇಹಿತೆಯೊಬ್ಬಳ ಜೊತೆ ಒಂದು ಮನೆಗೆ ಹೋಗಿದ್ದೆ. ಮಧ್ಯಾಹ್ನ. ಹಿತ್ತಲಲ್ಲಿ ಒಬ್ಬ ಅಮ್ಮ ನೆಲದ ಮೇಲೆ ಕೂತು ಮೀನು ಕೊಯ್ಯುತ್ತಿದ್ದರು. ಈಳಿಗೆಯನ್ನು ಕಾಲಿನಿಂದ ಒತ್ತಿ ಹಿಡಿದು, ಮೀನನ್ನು ಎರಡೂ ಕೈಯಿಂದ ಅಲಗಿನತ್ತ ತಳ್ಳುತ್ತಿದ್ದರು. ಥೇಟ್ ನಮ್ಮ ಅಜ್ಜಿ ಕುಂಬಳಕಾಯಿ ಹೆಚ್ಚುತ್ತಿದ್ದ ಹಾಗೆ. ಎಣ್ಣೆ ಕಾಯಿತು. ಮೂಗಿಗೆ ಘಾಟು ಏರಿತು. ಸಾಸಿವೆ ಎಣ್ಣೆ. ನಾವು ಸಾಸಿವೆ ಸಿಡಿಸುವವರು, ಅವರು ಅದರ ಎಣ್ಣೆಯಲ್ಲೇ ಕರಿಯುವವರು. ಒಗ್ಗರಣೆಗೆ ಪಾಂಚ್ ಫೋರನ್ ಅಂತ ಐದು ಕಾಳು: ಜೀರಿಗೆ, ಮೆಂತ್ಯ, ಸಾಸಿವೆ, ಸೋಂಪು, ಕಲೋಂಜಿ. "ಖಾರ ನಿಮ್ಮೂರಿನದೇ ಹಾಕ್ತೀವಿ ಈಗ, ಅಭ್ಯಾಸ ಆಗಿದೆ" ಅಂದರು ಆ ಅಮ್ಮ. ಅವರ ಕನ್ನಡ ನನ್ನದಕ್ಕಿಂತ ಚೆನ್ನಾಗಿತ್ತು, ರಾಯಚೂರಿನ ಎಳೆತ ಬೇರೆ.

ಸಂಕ್ರಾಂತಿ ದಿನ ನಾವು ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚುವಾಗ ಅವರು ಅಕ್ಕಿಹಿಟ್ಟು, ಕಾಯಿ, ಬೆಲ್ಲದಲ್ಲಿ ಪಿಠೆ ಮಾಡುತ್ತಾರೆ. ರಾತ್ರಿ ಉಳಿದ ಅನ್ನಕ್ಕೆ ನೀರು ಹಾಕಿಟ್ಟು ಬೆಳಿಗ್ಗೆ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಕಚ್ಚಿಕೊಂಡು ಉಣ್ಣುವುದು ಅವರಲ್ಲಿ ಪಾಂತಾ ಭಾತ್. ನಮ್ಮ ಹೊಲದ ಕೆಲಸದವರು ಬಿಸಿಲಿಗೆ ಹುಳಿ ಅಂಬಲಿ ಕುಡಿಯುವುದು ಇದಕ್ಕೇ ಅಲ್ವಾ? ಇನ್ನು ಮಂಡಾಳಿಗೆ ಹಸಿ ಸಾಸಿವೆ ಎಣ್ಣೆ ಚಿಮುಕಿಸಿ, ಉಳ್ಳಾಗಡ್ಡಿ ಕಲಸಿ ಕೊಟ್ಟರು. ಮೊದಲ ಮುಷ್ಟಿಗೆ ಕಣ್ಣಲ್ಲಿ ನೀರು ಬಂತು. ಎರಡನೇ ಪ್ಲೇಟು ನಾನೇ ಕೇಳಿದೆ.

ಕುರಿಗಾರರು ಊರೂರು ತಿರುಗ್ತಾರಲ್ಲ, ಅವರ ಊಟ?

ಹಾಲುಮತದವರು ಕುರಿ ಹೊಡೆದುಕೊಂಡು ತಿಂಗಳುಗಟ್ಟಲೆ ಹೊರಗಿರುತ್ತಾರೆ. ರಾತ್ರಿ ಹೊಲದಲ್ಲಿ ಕುರಿ ತಂಗಿಸಿದರೆ ಗೊಬ್ಬರ ಸಿಗುತ್ತದೆ ಅಂತ ಹೊಲದವರು ಕಾಳು ಅಥವಾ ದುಡ್ಡು ಕೊಡುತ್ತಾರೆ. ಮೂರು ಕಲ್ಲಿನ ಒಲೆ, ರೊಟ್ಟಿ, ಕೆಂಪು ಖಾರ, ಕುರಿ ಹಾಲು. ಮರಿ ಹಾಕಿದ ಕುರಿಯ ಮೊದಲ ಹಾಲಿನ ಗಿಣ್ಣ ಸಿಕ್ಕರೆ ಬಿಡಬೇಡಿ.

ಉಳ್ಳಾಗಡ್ಡಿ, ಬೆಳ್ಳುಳ್ಳಿ ಇಲ್ಲದೆ ಈ ಕಡೆ ಅಡಿಗೆ ಮಾಡೋಕೆ ಆಗುತ್ತಾ?

ರಾಯಚೂರಿನ ಮಾಧ್ವರ ಮನೆಯಲ್ಲಿ ಕೇಳಿ. ಚಾತುರ್ಮಾಸ್ಯ ಬಂದರೆ ಇನ್ನೂ ಕಷ್ಟದ ಲೆಕ್ಕ. ಮೊದಲ ತಿಂಗಳು ಶಾಕ ವ್ರತ, ತರಕಾರಿ ಇಲ್ಲ. ಎರಡನೇ ತಿಂಗಳು ಮೊಸರು ಇಲ್ಲ. ಮೂರನೆಯದು ಹಾಲು ಇಲ್ಲ. ನಾಲ್ಕನೆಯದು ದ್ವಿದಳ, ಅಂದರೆ ಬೇಳೆಕಾಳು ಇಲ್ಲ. ತರಕಾರಿ ಬಿಟ್ಟ ತಿಂಗಳು ಹುಣಸೆಹಣ್ಣು, ಮೆಣಸಿನಕಾಯಿಯೂ ಇಲ್ಲ. ಖಾರಕ್ಕೆ ಕಾಳುಮೆಣಸು, ಹುಳಿಗೆ ಮಾವು. ಹಕ್ಕಬುಕ್ಕರ ಕಾಲದ ಖಾರ ಹೇಗಿತ್ತು ಅಂತ ರುಚಿ ನೋಡಬೇಕಿದ್ದರೆ ಆ ತಿಂಗಳು ಅವರ ಮನೆಗೆ ಹೋಗಿ.

ದಲಿತರ ಮನೆ ಊಟ, ಮಾಂಸದ ಊಟ ನಮ್ಮ ಭಾಗದ ಆಹಾರ ಅಂತ ಬರೆಯೋ ಪಟ್ಟಿಯಲ್ಲಿ ಯಾಕೆ ಇರಲ್ಲ?

ಪಟ್ಟಿ ಬರೆಯುವವರು ಯಾರು ಅನ್ನುವುದರ ಮೇಲೆ ಅದು ನಿಂತಿದೆ. ಉತ್ತರ ಕರ್ನಾಟಕದ ಊಟ ಅಂತ ಬೋರ್ಡು ಹಾಕಿದ ಖಾನಾವಳಿಗೆ ಹೋದರೆ ರೊಟ್ಟಿ, ಎಣಗಾಯಿ, ಹೋಳಿಗೆ, ಹಿಂಡಿ. ಅದು ಸುಳ್ಳಲ್ಲ, ಅರ್ಧ. ನಾಯಕರು, ಕುರುಬರು, ಅಂಬಿಗರು, ದಲಿತರು, ಮುಸ್ಲಿಮರು, ಲಂಬಾಣಿಗರು, ಇಷ್ಟೂ ಜನರ ಒಲೆ ಆ ಬೋರ್ಡಿನ ಹೊರಗೆ ಉಳಿಯಿತು. ಹೊಳೆ ದಂಡೆಯವರ ಮೀನು ಸಾರು, ಜಾತ್ರೆ ಮರುದಿನದ ಮಟನ್, ಬಿಸಿಲಲ್ಲಿ ಒಣಗಿಸಿ ಮಳೆಗಾಲಕ್ಕೆ ಎತ್ತಿಟ್ಟ ಒಣಮಾಂಸ, ತಲೆ, ಕಾಲು, ಕರುಳಿನ ಅಡಿಗೆಗಳು. ಬಡತನದಲ್ಲಿ ಏನನ್ನೂ ಚೆಲ್ಲದೆ ರುಚಿ ಮಾಡಿದ ಕೈ ಇವು. ದನದ ಮಾಂಸದ ಮಾತು ಬಂದರಂತೂ ಜನ ದನಿ ತಗ್ಗಿಸುತ್ತಾರೆ. ಅದನ್ನ ಉಂಡವರಿಗೆ ಬಾಡಿಗೆ ಮನೆ ಸಿಗುವುದಿಲ್ಲ, ಹಾಗಾಗಿ ಮಕ್ಕಳಿಗೆ ಸುಮ್ನಿರು ಅಂತ ಹೇಳಿಕೊಟ್ಟಿರುತ್ತಾರೆ. ಬರೆಯದಿದ್ದರೆ ಇಲ್ಲ ಅಂತ ಅರ್ಥ ಅಲ್ಲ.

ನವಣೆ, ಸಿರಿಧಾನ್ಯ ಎಲ್ಲಾ ಈಗಿನ ಫ್ಯಾಷನ್ ತಾನೇ?

ಪೇಟೆಗೆ ಫ್ಯಾಷನ್. ನಮ್ಮ ಬೆದ್ದಲು ಹೊಲಗಳಿಗೆ ಹಳೇ ಬೆಳೆ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಆದಾಗ ಅಂಗಡಿಯಲ್ಲಿ ಪ್ಯಾಕೆಟ್ಟು ಬಂತು. ಬೆಲೆ ನೋಡಿ ನಮ್ಮಮ್ಮ, "ಇದನ್ನ ಉಣ್ಣಾಕ ನಾವು ನಾಚ್ಕೋತಿದ್ವಿ" ಅಂದಳು.

ಶಾಲೆ, ಕಾಲೇಜಿನಲ್ಲಿ ಆಹಾರ ಮೇಳ ಮಾಡ್ತಿದೀವಿ. ಎಲ್ಲ ಸಮುದಾಯದ್ದೂ ಬರಬೇಕು ಅಂದ್ರೆ ಏನು ಮಾಡೋದು?

ಮೊದಲು ನಾನು ಮಾಡಿದ ತಪ್ಪು ಹೇಳುತ್ತೇನೆ. ಒಂದು ಮೇಳಕ್ಕೆ ಮಳಿಗೆಗಳಿಗೆ ಜಾತಿ, ಧರ್ಮದ ಹೆಸರು ಬರೆದು ಚೀಟಿ ಅಂಟಿಸಿದೆ. ಬೆಳಿಗ್ಗೆ ಹೊತ್ತಿಗೆ ಎರಡು ಮಳಿಗೆಯ ಮಕ್ಕಳು ಬರಲೇ ಇಲ್ಲ. ಬಂದವರಲ್ಲೂ ಕೆಲವರು ಪಕ್ಕದ ಮಳಿಗೆಯದನ್ನ ಮುಟ್ಟಲಿಲ್ಲ. ಊಟಕ್ಕೆ ಚೀಟಿ ಅಂಟಿಸಿ ನಾನೇ ಗೋಡೆ ಕಟ್ಟಿದ್ದೆ.

ಮುಂದಿನ ವರ್ಷ ಸಾಮಾನಿನ ಹೆಸರಲ್ಲಿ ಮಳಿಗೆ ಹಾಕಿದೆವು. ಒಂದು ಪುಂಡಿಸೊಪ್ಪಿನದು, ಒಂದು ಮಂಡಾಳಿನದು, ಒಂದು ಜೋಳದ್ದು, ಒಂದು ಬೆಲ್ಲದ್ದು. ಪುಂಡಿಸೊಪ್ಪಿನ ಮೇಜಿಗೆ ಮೂರು ಮನೆಯ ಪುಂಡಿಸೊಪ್ಪು ಬಂತು. ಬೆಲ್ಲದ ಮೇಜಲ್ಲಿ ಮಾದಲಿ, ಮಲೀದಾ, ಲಾಪ್ಸಿ, ಪಿಠೆ ಅಕ್ಕಪಕ್ಕ ಕೂತವು. ಮಕ್ಕಳು ತಮ್ಮದನ್ನು ಬಿಟ್ಟು ಪಕ್ಕದ್ದಕ್ಕೆ ಕೈ ಹಾಕಿದರು. "ಅದಕ್ಕೂ ಇದಕ್ಕೂ ಏನು ಫರಕು?" ಅನ್ನುವ ಪ್ರಶ್ನೆ ತಾನಾಗಿ ಬಂತು. ಮಾಡಿದ ಅಮ್ಮಂದಿರನ್ನೇ ಕರೆಸಿ ಕೂರಿಸಿ. ಅವರ ಬದಲು ಮೇಷ್ಟ್ರು ಮೈಕ್ ಹಿಡಿಯಬಾರದು. ಮಾಂಸಾಹಾರದ ಮೇಜು ಸ್ವಲ್ಪ ದೂರ ಇರಲಿ, ಆದರೆ ಇರಲಿ. ತಿನ್ನದವರಿಗೆ ತಿನ್ನು ಅಂತ ಒತ್ತಾಯ ಬೇಡ, ನೋಡಿ ಮುಖ ಕಿವುಚುವುದಕ್ಕೆ ಮಾತ್ರ ಬಿಡಬೇಡಿ.

ಯಾರದಾದರೂ ಮನೆಗೆ ಹೋಗಿ ಅವರ ಅಡಿಗೆ ಕೇಳೋದು ಹೇಗೆ? ಮುಜುಗರ ಆಗಲ್ವಾ?

"ನಿಮ್ಮವರು ಏನು ತಿಂತೀರಿ?" ಅಂತ ಕೇಳಿದರೆ ಎಂಥವರಿಗೂ ಮುಜುಗರವೇ. "ಅಕ್ಕಾ, ಸಣ್ಣವರಿದ್ದಾಗ ಹಬ್ಬಕ್ಕೆ ನಿಮ್ಮವ್ವ ಏನು ಮಾಡ್ತಿದ್ರು?" ಅಂತ ಕೇಳಿ ನೋಡಿ. ಅವರು ಕೂತುಕೊಳ್ಳುತ್ತಾರೆ, ನಿಮಗೂ ಕೂರಲು ಹೇಳುತ್ತಾರೆ. ಅಳತೆ ಕೇಳಬೇಡಿ. "ಕೈಗೆ ಬಂದಷ್ಟು" ಅಂತಲೇ ಹೇಳುತ್ತಾರೆ. ಅವರು ಮಾಡುವಾಗ ಪಕ್ಕ ನಿಂತು ನೋಡುವುದೇ ದಾರಿ. ಜೊತೆಗೆ ಉಳ್ಳಾಗಡ್ಡಿ ಹೆಚ್ಚಿ ಕೊಡಿ.

ಇಷ್ಟೆಲ್ಲ ಓದಿದೆ. ಒಂದೇ ದಿನದಲ್ಲಿ ಬೇರೆ ಬೇರೆ ಮನೆಯ ಊಟ ರುಚಿ ನೋಡೋ ದಿನ ಯಾವುದಾದರೂ ಇದೆಯಾ?

ಇದೆ. ನಾಗರ ಪಂಚಮಿಗೆ ಮುಂಚೆ ಬರುವ ರೊಟ್ಟಿ ಹಬ್ಬ. ವಾರ ಮೊದಲಿನಿಂದಲೇ ರೊಟ್ಟಿ ಬಡಿದು ಒಣಗಿಸಿ ಇಟ್ಟಿರುತ್ತಾರೆ. ಆ ದಿನ ತಟ್ಟೆಯಲ್ಲಿ ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಕಾಳುಪಲ್ಯ, ಹಿಂಡಿ, ಬದನೆಕಾಯಿ ಇಟ್ಟು ಮೇಲೆ ಬಟ್ಟೆ ಮುಚ್ಚಿ ಓಣಿಯ ಮನೆಮನೆಗೆ ಬೀರುತ್ತಾರೆ. ಅವರೂ ಅವರದನ್ನು ಕೊಡುತ್ತಾರೆ. ಕೆಲವು ಓಣಿಗಳಲ್ಲಿ ತಟ್ಟೆ ಜಾತಿ ನೋಡಿಯೇ ಹೋಗುತ್ತದೆ, ಅದನ್ನೂ ಮುಚ್ಚಿಡುವುದಿಲ್ಲ. ನಮ್ಮ ಓಣಿಯಲ್ಲಿ ಕಳೆದ ಸಲ ಹನ್ನೊಂದು ಮನೆಯ ರೊಟ್ಟಿ ನನ್ನ ಬುಟ್ಟಿಗೆ ಬಂತು. ಹನ್ನೊಂದಕ್ಕೂ ದಪ್ಪ ಬೇರೆ, ಉಪ್ಪು ಬೇರೆ. ನನ್ನ ನಕ್ಷೆಯನ್ನು ಯಾರು ತಿಂದರೋ ಗೊತ್ತಿಲ್ಲ, ಇದುವರೆಗೆ ಯಾರೂ ದೂರು ಹೇಳಿಲ್ಲ.